ಮೊದಲು ಯಾರ ಹಾಳೆ? ಪ್ರಿಂಟರಿನ ಸರದಿಯ ಚರಿತ್ರೆ

ಗಣಕಯಂತ್ರದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅದರ ಲೆಕ್ಕದ ವೇಗ ಎಷ್ಟು ಹೆಚ್ಚಿತು, ಪೆಟ್ಟಿಗೆ ಎಷ್ಟು ಸಣ್ಣದಾಯಿತು ಎಂಬುದನ್ನೇ ಹೇಳುತ್ತಾರೆ. ಪಕ್ಕದಲ್ಲಿ ಗಡಗಡ ಸದ್ದು ಮಾಡುತ್ತ ಕಾಗದ ಕಾರುತ್ತಿದ್ದ ಪ್ರಿಂಟರಿನ ಕಡೆಗೆ ಅವರ ಕಣ್ಣು ಹೋಗುವುದು ಅಪರೂಪ. ಕೊಲ್ಲಿ ನಾಡಿಗೆ ಬಂದು ಗುಮಾಸ್ತರಾಗಿ, ಟೈಪಿಸ್ಟರಾಗಿ, ಸ್ಟೋರ್ ಕೀಪರಾಗಿ ದುಡಿದ ನಮ್ಮವರ ಅನುಭವವೇ ಬೇರೆ. ಗಣಕಯಂತ್ರವಿದ್ದ ತಂಪು ಕೋಣೆಯೊಳಕ್ಕೆ ನಮಗೆ ಪ್ರವೇಶವಿರಲಿಲ್ಲ. ನಾವು ಕಂಡದ್ದು ಎರಡೂ ಅಂಚಿನಲ್ಲಿ ತೂತುಗಳಿದ್ದ, ಹಸಿರು ಪಟ್ಟೆಯ, ಮಡಿಕೆ ಮಡಿಕೆಯಾಗಿ ಹೊರಬರುತ್ತಿದ್ದ ಆ ಉದ್ದನೆಯ ಕಾಗದವನ್ನು. ನಮ್ಮ ಸಂಬಳವೂ ಅದರಲ್ಲೇ ಬರುತ್ತಿತ್ತು, ರಜೆಯ ಲೆಕ್ಕವೂ ಅದರಲ್ಲೇ ಬರುತ್ತಿತ್ತು.

ಪ್ರಿಂಟರು ಒಂದು, ಕಾಯುವವರು ಇಪ್ಪತ್ತು ಮಂದಿ. ಯಾರ ಹಾಳೆ ಮೊದಲು ಬರಬೇಕು, ಅದನ್ನು ಯಾರು ತೀರ್ಮಾನಿಸಬೇಕು? ಸಣ್ಣ ಪ್ರಶ್ನೆಯಂತೆ ಕಂಡರೂ ಇದಕ್ಕೆ ಅರವತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ಆ ಚರಿತ್ರೆಯ ಒಂದು ತುದಿ ಅಮೆರಿಕದಲ್ಲಿದ್ದರೆ ಇನ್ನೊಂದು ತುದಿ ನಮ್ಮ ಕರ್ನಾಟಕದ ತಾಲ್ಲೂಕು ಕಚೇರಿಗಳಲ್ಲಿದೆ.

ಸೈಕ್ಲೋಸ್ಟೈಲ್ ಯಂತ್ರದ ಕಾಲದಲ್ಲಿ ಈ ತಕರಾರು ಇರಲಿಲ್ಲವೆಂದೇ ಹೇಳಬೇಕು. ಸ್ಟೆನ್ಸಿಲ್ ಕೊರೆದು, ಉರುಳೆಗೆ ಹಚ್ಚಿ, ಹಿಡಿ ತಿರುಗಿಸುವಾತ ಎದುರಿಗೇ ನಿಂತಿರುತ್ತಿದ್ದ. ಅವಸರವಿದ್ದವನು ಅವನೊಡನೆ ನೇರವಾಗಿ ಮಾತಾಡಿ, ಒಂದು ಚಹಾ ಕುಡಿಸಿ, ತನ್ನ ಕೆಲಸ ಮಾಡಿಸಿಕೊಳ್ಳುತ್ತಿದ್ದ. ಪಕ್ಷಪಾತ ನಡೆದರೂ ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು.

ಗಣಕಯಂತ್ರದಲ್ಲಿ ತೊಂದರೆ ಶುರುವಾದದ್ದು ವೇಗದ ವ್ಯತ್ಯಾಸದಿಂದ. ಲೆಕ್ಕ ಮಾಡುವ ಭಾಗ ಮಿಂಚಿನಂತೆ, ಪ್ರಿಂಟರು ಎತ್ತಿನ ಗಾಡಿಯಂತೆ. 1959ರಲ್ಲಿ ಐಬಿಎಂ ಕಂಪನಿ ತನ್ನ 1401 ಗಣಕಯಂತ್ರದ ಜೊತೆಗೆ 1403 ಎಂಬ ಪ್ರಿಂಟರನ್ನು ಹೊರತಂದಿತು. ನಿಮಿಷಕ್ಕೆ 600 ಸಾಲು, ಸಾಲಿಗೆ 132 ಅಕ್ಷರ. ಆ ಕಾಲಕ್ಕೆ ಅದು ಅದ್ಭುತವೇ. ಅಚ್ಚಿನ ಮೊಳೆಗಳನ್ನು ಸರಪಳಿಯಂತೆ ಜೋಡಿಸಿ ಗಿರಗಿರನೆ ತಿರುಗಿಸಿ, ಬೇಕಾದ ಅಕ್ಷರ ಎದುರಿಗೆ ಬಂದ ಕ್ಷಣದಲ್ಲಿ ಸುತ್ತಿಗೆ ಹೊಡೆಯುವ ಉಪಾಯ. ಸರಪಳಿಯಲ್ಲಿದ್ದದ್ದು 48 ಚಿಹ್ನೆಗಳು, ಅದನ್ನೇ ಐದು ಸಲ ಪುನರಾವರ್ತಿಸಿದ್ದರು. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಒಂದಿಷ್ಟು ಚುಕ್ಕೆ ಗೆರೆ, ಅಷ್ಟಕ್ಕೆ 48 ಮುಗಿಯಿತು. ನಮ್ಮ ವರ್ಣಮಾಲೆಗೇ ಅದು ಸಾಲದು, ಕಾಗುಣಿತ ಒತ್ತಕ್ಷರಗಳ ಮಾತು ಹಾಗಿರಲಿ.

ಇಷ್ಟು ವೇಗದ ಪ್ರಿಂಟರಾದರೂ ಅದಕ್ಕಾಗಿ ದೊಡ್ಡ ಗಣಕಯಂತ್ರವನ್ನು ಕಾಯಿಸುವುದು ದುಂದುಗಾರಿಕೆಯಾಗಿತ್ತು. ಆದ್ದರಿಂದ ದೊಡ್ಡ ಯಂತ್ರ ತನ್ನ ಫಲಿತಾಂಶವನ್ನು ಕಾಂತೀಯ ಟೇಪಿನ ಮೇಲೆ ಬರೆದು ಮುಂದಿನ ಕೆಲಸಕ್ಕೆ ಹೋಗುತ್ತಿತ್ತು. ಆ ಟೇಪನ್ನು ಕಳಚಿ ಪಕ್ಕದ 1401ಕ್ಕೆ ಹಾಕಿದರೆ ಅದು ನಿಧಾನವಾಗಿ ಅಚ್ಚು ಹಾಕುತ್ತ ಕೂರುತ್ತಿತ್ತು. ಮುಂದೆ ಟೇಪು ಹೊತ್ತು ಓಡಾಡುವ ಕೆಲಸ ತಪ್ಪಿಸಿ, ಒಂದೇ ಯಂತ್ರ ಒಂದು ಕೈಯಲ್ಲಿ ಲೆಕ್ಕ, ಇನ್ನೊಂದು ಕೈಯಲ್ಲಿ ಅಚ್ಚು ಎಂಬಂತೆ ಎರಡನ್ನೂ ನಡೆಸುವ ವ್ಯವಸ್ಥೆ ಬಂತು. ಅದಕ್ಕೆ ಸ್ಪೂಲಿಂಗ್ ಎಂದು ಹೆಸರಾಯಿತು. ಸ್ಪೂಲ್ ಎಂದರೆ ನೂಲಿನ ಉರುಳೆ. ಒಂದು ಉದ್ದನೆಯ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳನ್ನು ಕೂಡಿಸಿದರೆ ಆ ಪದ ಬರುತ್ತದೆಂದು ಪುಸ್ತಕಗಳು ಹೇಳುತ್ತವೆ. ಪದ ಮೊದಲು ಹುಟ್ಟಿ ವಾಕ್ಯ ಆಮೇಲೆ ಹೊಂದಿತೆಂದು ನನಗೆ ಗುಮಾನಿ. ನಮ್ಮಲ್ಲಿ ಸ್ಥಳಪುರಾಣಗಳು ಹುಟ್ಟುವುದೂ ಹೀಗೆಯೇ ತಾನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಟೇಪು ಎಂದರೆ ದಾರದಲ್ಲಿ ಪೋಣಿಸಿದ ಮಣಿಗಳಂತೆ. ಯಾವುದನ್ನು ಮೊದಲು ಪೋಣಿಸಿದೆವೋ ಅದೇ ಮೊದಲು ಬರುತ್ತದೆ. ನಡುವಿನದನ್ನು ಮುಂದಕ್ಕೆ ತರಬೇಕೆಂದರೂ ಸುಲಭವಲ್ಲ. ಟೇಪಿನ ಜಾಗಕ್ಕೆ ಡಿಸ್ಕು ಬಂದ ಮೇಲೆ ಸ್ಥಿತಿ ಬದಲಾಯಿತು. ಡಿಸ್ಕು ಅಂಚೆ ಕಚೇರಿಯ ಗೂಡುಗಳಿದ್ದ ಹಾಗೆ, ಯಾವ ಗೂಡಿಗೆ ಬೇಕಾದರೂ ಕೈ ಹಾಕಬಹುದು. ಹೀಗೆ ಆರಿಸುವ ಸೌಕರ್ಯ ಬಂದ ಕೂಡಲೇ ಆರಿಸುವ ಅಧಿಕಾರವೂ ಬಂತು. 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ, ಚಂದ್ರಯಾನದ ಲೆಕ್ಕಾಚಾರ ನಡೆಯುತ್ತಿದ್ದ ನಾಸಾ ಕೇಂದ್ರದಲ್ಲಿ, ಐಬಿಎಂ 360 ಯಂತ್ರಗಳಿಗಾಗಿ ಹ್ಯಾಸ್ಪ್ ಎಂಬ ತಂತ್ರಾಂಶ ಸಿದ್ಧವಾಯಿತು. ಆ ಹೆಸರಿನ ಕೊನೆಯಕ್ಷರದ ಅರ್ಥ ಪ್ರಯಾರಿಟಿ, ಅಂದರೆ ಯಾರಿಗೆ ಮೊದಲ ಮಣೆ ಎಂಬುದು. ಹೆಸರಿನಲ್ಲೇ ಆ ಮಾತು ಸೇರಿಕೊಂಡದ್ದು ಕಾಕತಾಳೀಯವಲ್ಲ.

ಭಾರತಕ್ಕೆ 1401 ಬಂದದ್ದು 1961ರಲ್ಲಿ, ಮುಂಬಯಿಯ ಎಸ್ಸೋ ಕಂಪನಿಗೆ. ಅನಂತರ ರೈಲ್ವೆ ವಲಯಗಳಿಗೂ ಬಂತು. 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಐಬಿಎಂ 360/44 ಇತ್ತು. ಆ ಕಾಲದ ರೂಢಿಯಂತೆ ತೂತು ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಡುವುದು, ಮರುದಿನ ಬಂದು ಅಚ್ಚಾದ ಹಾಳೆ ಪಡೆಯುವುದು. ಒಂದು ಅಲ್ಪವಿರಾಮ ತಪ್ಪಿದ್ದರೆ ಆ ದಿನ ಹೋಯಿತು. ಗಾಜಿನ ಆಚೆ ಕುಳಿತ ಆಪರೇಟರ್ ಮಹಾಶಯನ ಕೃಪಾದೃಷ್ಟಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಆಗ ವಿದ್ಯಾರ್ಥಿಗಳಾಗಿದ್ದವರನ್ನು ಕೇಳಬೇಕು.

ನಾನು ಇದನ್ನು ಹತ್ತಿರದಿಂದ ಕಂಡದ್ದು 1980ರ ದಶಕದ ಕೊನೆಯಲ್ಲಿ, ದುಬಾಯಿಯ ದೇರಾದಲ್ಲಿ. ಜೆಬೆಲ್ ಅಲಿ ಬಂದರು 1979ರಲ್ಲೇ ಉದ್ಘಾಟನೆಯಾಗಿತ್ತು, 1985ರಲ್ಲಿ ಅಲ್ಲಿನ ಮುಕ್ತ ವಲಯವೂ ಆರಂಭವಾಗಿ ವ್ಯಾಪಾರ ಏರುತ್ತಿದ್ದ ಕಾಲ. ನಮ್ಮ ಕಂಪನಿಯಲ್ಲಿ ಯುನಿಕ್ಸ್ ನಡೆಸುವ ಒಂದು ಗಣಕಯಂತ್ರ, ಅದಕ್ಕೆ ಹದಿನಾರು ಟರ್ಮಿನಲ್, ಎಲ್ಲಕ್ಕೂ ಸೇರಿ ಒಂದು ಲೈನ್ ಪ್ರಿಂಟರು. ಅಬುಧಾಬಿಯ ಮುಸ್ಸಫಾದಲ್ಲಿದ್ದ ಶಾಖೆಗೆ ಬೇಕಾದ ಹಾಳೆಗಳೂ ಮೊದಲು ಇಲ್ಲಿಯೇ ಅಚ್ಚಾಗಿ, ಕಟ್ಟು ಕಟ್ಟಿ, ಡ್ರೈವರನ ಪಕ್ಕದ ಸೀಟಿನಲ್ಲಿ ಪ್ರಯಾಣ ಮಾಡುತ್ತಿದ್ದವು. ಆಮೇಲೆ ಅಲ್ಲಿಗೊಂದು ಪ್ರಿಂಟರು, ಮೋಡೆಮ್ ಬಂದವು. ಟೆಲಿಫೋನ್ ಲೈನು ಕಡಿದರೆ ಕೆಲಸಗಳು ಇಲ್ಲಿಯ ಡಿಸ್ಕಿನಲ್ಲೇ ಸಾಲಾಗಿ ಕೂತು ಕಾಯುತ್ತಿದ್ದವು.

ಯುನಿಕ್ಸಿನಲ್ಲಿ ಈ ಸರದಿಯನ್ನು ನಡೆಸುವುದಕ್ಕೆ ಎರಡು ಸಂಪ್ರದಾಯಗಳಿದ್ದವು. ಒಂದು ಬರ್ಕ್ಲಿ ವಿಶ್ವವಿದ್ಯಾಲಯದ್ದು. ಎಲ್‌ಪಿಆರ್ ಎಂದರೆ ಅಚ್ಚಿಗೆ ಕಳಿಸು, ಎಲ್‌ಪಿಕ್ಯೂ ಎಂದರೆ ಸರದಿ ತೋರಿಸು, ಎಲ್‌ಪಿಆರ್‌ಎಂ ಎಂದರೆ ನನ್ನದನ್ನು ತೆಗೆದುಹಾಕು. ಮೇಲ್ವಿಚಾರಕನ ಕೈಯಲ್ಲಿ ಎಲ್‌ಪಿಸಿ ಎಂಬ ಇನ್ನೊಂದು ಆಜ್ಞೆ. ಅದರೊಳಗಿನ ಟಾಪ್‌ಕ್ಯೂ ಎಂಬ ಒಂದು ಪದದಿಂದ ಯಾವ ಕೆಲಸವನ್ನಾದರೂ ಸಾಲಿನ ತಲೆಗೆ ಏರಿಸಬಹುದಾಗಿತ್ತು. ಒಂದು ಯಂತ್ರದಿಂದ ಇನ್ನೊಂದು ಯಂತ್ರದ ಪ್ರಿಂಟರಿಗೆ ಕೆಲಸ ಕಳಿಸುವ ಇದರ ಪದ್ಧತಿ 1990ರಲ್ಲಿ ಲಿಖಿತ ರೂಪದಲ್ಲಿ ಪ್ರಕಟವಾಯಿತು.

ಎರಡನೆಯ ಸಂಪ್ರದಾಯ ಎಟಿ ಅಂಡ್ ಟಿ ಕಂಪನಿಯ ಸಿಸ್ಟಂ ಫೈವ್‌ನದು. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿವೇಕವಿತ್ತು. ಪ್ರಿಂಟರನ್ನು ನಿಲ್ಲಿಸುವುದಕ್ಕೆ ಅಲ್ಲಿ ಎರಡು ಬೇರೆ ಬೇರೆ ಆಜ್ಞೆಗಳು: ಡಿಸೇಬಲ್ ಮತ್ತು ರಿಜೆಕ್ಟ್. ನಮ್ಮೂರಿನ ರೇಷನ್ ಅಂಗಡಿಯನ್ನು ನೆನಪಿಸಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ತಕ್ಕಡಿ ಕೆಟ್ಟಿದೆ, ಅಳೆಯುವುದು ನಿಂತಿದೆ, ಆದರೆ ಚೀಟಿ ಕೊಡುತ್ತಿದ್ದಾರೆ, ಸಾಲಿನಲ್ಲಿ ನಿಲ್ಲಬಹುದು, ಇದು ಡಿಸೇಬಲ್. ಇವತ್ತಿಗೆ ಚೀಟಿ ಮುಗಿಯಿತು, ಹೊಸಬರು ನಿಲ್ಲಬೇಡಿ, ನಿಂತವರಿಗೆ ಮಾತ್ರ ಅಳೆದು ಕೊಡುತ್ತೇವೆ, ಇದು ರಿಜೆಕ್ಟ್. ಎರಡೂ ಆಜ್ಞೆಗಳ ಜೊತೆಗೆ ಕಾರಣವನ್ನು ಬರೆಯಲು ಅವಕಾಶವಿತ್ತು. "ರಿಬ್ಬನ್ ಬದಲಾಯಿಸುತ್ತಿದ್ದೇವೆ" ಎಂದು ಬರೆದರೆ, ಸರದಿ ಏನಾಯಿತೆಂದು ವಿಚಾರಿಸಿದ ಪ್ರತಿಯೊಬ್ಬನ ಪರದೆಯ ಮೇಲೂ ಆ ಸಾಲು ಬರುತ್ತಿತ್ತು. ಇಷ್ಟು ಮರ್ಯಾದೆ ಎಷ್ಟು ಕಚೇರಿಗಳ ಕಿಟಕಿಗಳಲ್ಲಿ ಸಿಗುತ್ತದೆ, ಹೇಳಿ!

ಕಾಗದದ ಬದಲಾವಣೆಯೂ ಒಂದು ದೊಡ್ಡ ತಾಪತ್ರಯ. ಇನ್‌ವಾಯ್ಸಿಗೆ ಕಾರ್ಬನ್ ಇಟ್ಟ ಮೂರು ಪ್ರತಿಯ ಕಾಗದ, ಸಂಬಳದ ಚೀಟಿಗೆ ಅರಬ್ಬಿ ಇಂಗ್ಲಿಷ್ ಎರಡರಲ್ಲೂ ಮೊದಲೇ ಅಚ್ಚಾದ ನಮೂನೆ, ವರದಿಗಳಿಗೆ ಹಸಿರು ಪಟ್ಟೆಯದು. ನಮೂನೆ ಬದಲಿಸಿದಾಗಲೆಲ್ಲ ಎರಡು ಮೂರು ಚೀಟಿ ಹಾಳುಮಾಡಿ ಸಾಲು ಸರಿಹೊಂದಿಸಬೇಕು. ಆದ್ದರಿಂದ ಬಂದ ಕ್ರಮದಲ್ಲೇ ಎಲ್ಲವನ್ನೂ ಹಾಕುವುದು ಸಾಧ್ಯವಿರಲಿಲ್ಲ. ಒಂದು ನಮೂನೆಯವನ್ನೆಲ್ಲ ಗುಂಪಾಗಿ ಮುಗಿಸಿ ಮುಂದಿನದಕ್ಕೆ ಹೋಗುವುದು ರೂಢಿ.

ಒಂದು ತಿಂಗಳ ಕೊನೆಯ ಗುರುವಾರ. ಆಗ ಶುಕ್ರವಾರ ವಾರದ ರಜೆ. ಸುಮಾರು ನಾನೂರು ಕೆಲಸಗಾರರ ಸಂಬಳದ ಚೀಟಿಗಳು ಮಧ್ಯಾಹ್ನದಿಂದ ಸರದಿಯಲ್ಲಿದ್ದವು, ನಮೂನೆಯ ಕಾಗದವನ್ನೂ ಏರಿಸಿ ಆಗಿತ್ತು. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಫೋನು ಬಂತು: ಪಾಲುದಾರರೊಬ್ಬರು ಬಂದಿದ್ದಾರೆ, ದಾಸ್ತಾನಿನ ಪೂರ್ತಿ ವರದಿ ಕೂಡಲೇ ಬೇಕು. ಕಾಗದ ಇಳಿಯಿತು, ಹಸಿರು ಪಟ್ಟೆ ಏರಿತು, ವರದಿ ಸಾಲಿನ ತಲೆಗೆ ಹೋಯಿತು. ಅದು ಮುಗಿಯುವ ಹೊತ್ತಿಗೆ ಕ್ಯಾಷಿಯರ್ ಮನೆಗೆ ಹೋಗಿದ್ದರು. ಆಗ ಸಂಬಳ ನಗದಾಗಿ ಲಕೋಟೆಯಲ್ಲಿ. ಚೀಟಿ ಇಲ್ಲದೆ ಲಕೋಟೆ ಇಲ್ಲ, ಚೀಟಿಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಬೀಳದೆ ದುಡ್ಡು ಕೈಗೆ ಬಾರದು. ಗುರುವಾರ ಸಂಜೆ ಎಕ್ಸ್‌ಚೇಂಜಿಗೆ ಹೋಗಿ ಊರಿಗೆ ಡ್ರಾಫ್ಟ್ ಮಾಡಿಸಬೇಕೆಂದಿದ್ದವರು ಶನಿವಾರದ ತನಕ ಲೇಬರ್ ಕ್ಯಾಂಪಿನಲ್ಲಿ ಸುಮ್ಮನೆ ಕೂತರು. ಪುತ್ತೂರು ಕಡೆಯ ಮೇಸ್ತ್ರಿಯೊಬ್ಬರು ಮಾತ್ರ ಕೇಳಿಯೇಬಿಟ್ಟರು: "ಅಲ್ಲ ಮಾರಾಯ್ರೇ, ಕಂಪ್ಯೂಟರಿಗೂ ಹಿಂಬಾಗಿಲು ಉಂಟಾ?"

ಉಂಟು. ಅದಕ್ಕೇ ಟಾಪ್‌ಕ್ಯೂ ಎಂದು ಹೆಸರು. (2009ರಿಂದ ಇಲ್ಲಿ ಸಂಬಳ ಬ್ಯಾಂಕು, ಎಕ್ಸ್‌ಚೇಂಜುಗಳ ಮೂಲಕವೇ ಪಾವತಿಯಾಗುವ ಸರಕಾರಿ ಪದ್ಧತಿ ಬಂದು ಆ ಲಕೋಟೆಗಳ ಕಾಲ ಹಿಂದೆ ಸರಿಯಿತು.)

ಹಾಗಾದರೆ ಯಾರನ್ನೂ ಎಂದೂ ಮುಂದೆ ಬಿಡಬಾರದೆ? ಗಣಿತ ಬೇರೆ ಮಾತು ಹೇಳುತ್ತದೆ. ನಿಮಿಷಕ್ಕೆ 600 ಸಾಲು, ಪುಟಕ್ಕೆ 60 ಸಾಲು ಎಂದಿಟ್ಟುಕೊಂಡರೆ ನಿಮಿಷಕ್ಕೆ 10 ಪುಟ. ಒಬ್ಬನದು 900 ಪುಟದ ವರದಿ, ಅದಕ್ಕೆ 90 ನಿಮಿಷ. ಅವನ ಹಿಂದೆ ಹತ್ತು ಮಂದಿ, ತಲಾ ಎರಡು ಪುಟ. ಬಂದ ಕ್ರಮದಲ್ಲೇ ಹೋದರೆ ಆ ಹತ್ತು ಮಂದಿ ತಲಾ ಒಂದೂವರೆ ಗಂಟೆ, ಒಟ್ಟು ಸೇರಿ 15 ಗಂಟೆ ಕಾಯಬೇಕು. ಹತ್ತು ಮಂದಿಯನ್ನು ಮುಂದೆ ಬಿಟ್ಟರೆ ದೊಡ್ಡ ವರದಿಯವನಿಗೆ ಆಗುವ ತಡ ಎರಡೇ ನಿಮಿಷ. ಆದ್ದರಿಂದ ಸಣ್ಣ ಕೆಲಸ ಮೊದಲು ಎಂಬ ನಿಯಮವನ್ನು ಪಂಡಿತರು ಮೆಚ್ಚುತ್ತಾರೆ. ಅದಕ್ಕೂ ಒಂದು ಕಂಟಕವಿದೆ. ಸಣ್ಣವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರೆ ದೊಡ್ಡವನ ಪಾಳಿ ಎಂದಿಗೂ ಬಾರದು. ಕಾದಷ್ಟೂ ಆತನ ಹಕ್ಕು ಬೆಳೆಯುವಂತೆ ಮಾಡಿ ಇದಕ್ಕೂ ಮದ್ದು ಕಂಡುಹಿಡಿದಿದ್ದಾರೆ. ಈ ಚಾತುರ್ಯಗಳೆಲ್ಲ ಒಪ್ಪತಕ್ಕವೇ. ಆದರೆ ಸರದಿಯ ಕ್ರಮ ದುಡ್ಡಿಗೋ ದಾಕ್ಷಿಣ್ಯಕ್ಕೋ ಬಾಗುವ ಜಾಗದಲ್ಲಿ ಯಾವ ಚಾತುರ್ಯವೂ ಬೇಡ, ಮೊದಲು ಬಂದವನಿಗೆ ಮೊದಲು ಎಂಬ ಒಡ್ಡ ನಿಯಮವೇ ಲೇಸು ಎಂಬುದು ನನ್ನ ಅಭಿಪ್ರಾಯ. ಅದು ಕುರುಡು ನಿಯಮ ನಿಜ. ಎದುರಿಗೆ ನಿಂತಿರುವವರು ಯಾರೆಂದು ಅದಕ್ಕೆ ಕಾಣದು, ಅದೇ ಅದರ ಗುಣ.

ಅದಕ್ಕೂ ಮಿಗಿಲಾದದ್ದು ಸರದಿ ಎಲ್ಲರಿಗೂ ಕಾಣುವಂತಿರುವುದು. ಇದಕ್ಕೆ ಸಂಬಂಧಿಸಿದ ಪ್ರಸಿದ್ಧ ಪ್ರಸಂಗವೊಂದಿದೆ. ಅಮೆರಿಕದ ಎಂಐಟಿಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತಜ್ಞ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಸರದಿಯಲ್ಲಿ ಕಾಯುತ್ತಿರುವ ಎಲ್ಲರಿಗೂ ಸಂದೇಶ ಹೋಗುವಂತೆ ಮಾಡಿದ್ದ. ಯಾರಾದರೊಬ್ಬ ಎದ್ದು ಹೋಗಿ ಬಿಡಿಸುತ್ತಿದ್ದ. 1980ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರು ಬಂತು, ಅದರ ತಂತ್ರಾಂಶದ ಮೂಲ ಪಠ್ಯ ಮಾತ್ರ ಬರಲಿಲ್ಲ. ಅದು ಇದ್ದವರನ್ನು ಕೇಳಿದರೆ, ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂಬ ಉತ್ತರ. ಕಾಗದ ಸಿಕ್ಕಿಕೊಂಡದ್ದು ತಿಳಿಯದೆ ಎಲ್ಲರೂ ತಮ್ಮ ಕೋಣೆಯಲ್ಲೇ ಕಾಯುವ ಅವಸ್ಥೆ ಮರಳಿ ಬಂತು. 1983ರಲ್ಲಿ ಸ್ಟಾಲ್‌ಮನ್ ಜಿಎನ್‌ಯು ಯೋಜನೆಯನ್ನು ಘೋಷಿಸಿ ಮುಕ್ತ ತಂತ್ರಾಂಶದ ಚಳವಳಿ ಹೂಡಿದ್ದರ ಹಿಂದಿನ ಕಾರಣಗಳಲ್ಲಿ ಈ ಪ್ರಸಂಗವನ್ನು ಆತನೇ ಅನೇಕ ಸಲ ಹೇಳಿದ್ದಾನೆ.

ಇನ್ನು ನಮ್ಮ ನಾಡಿಗೆ ಬರೋಣ. ರೈತನಿಗೆ ಜೀವಕ್ಕೆ ಸಮನಾದ ಹಾಳೆ ಒಂದಿದ್ದರೆ ಅದು ಪಹಣಿ. ಮದರಾಸು ಸರಕಾರದ ಕಾಲ ಕಂಡ ದಕ್ಷಿಣ ಕನ್ನಡದ ಹಿರಿಯರ ಬಾಯಲ್ಲಿ ಅಡಂಗಲ್, ಈಗಿನವರ ಬಾಯಲ್ಲಿ ಆರ್‌ಟಿಸಿ. ಬ್ಯಾಂಕಿನ ಸಾಲಕ್ಕೆ, ಕೋರ್ಟಿಗೆ, ಅಣ್ಣತಮ್ಮಂದಿರ ಪಾಲಿಗೆ, ಎಲ್ಲಕ್ಕೂ ಅದೇ ಆಧಾರ. ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿ, ಕೈಬರಹದಲ್ಲಿ ಇದ್ದವು. ಒಂದು ಪ್ರತಿಗೆ ಮೂರು ದಿನದಿಂದ ಮೂವತ್ತು ದಿನ ಕಾಯಬೇಕಾಗುತ್ತಿತ್ತು, ನೂರರಿಂದ ಎರಡು ಸಾವಿರ ರೂಪಾಯಿವರೆಗೆ ಲಂಚ ನಡೆಯುತ್ತಿತ್ತು ಎಂದು ಈ ವಿಷಯದ ಅಧ್ಯಯನಗಳು ದಾಖಲಿಸಿವೆ. ನಾವು ರಜೆಯಲ್ಲಿ ಹೋದಾಗ "ದುಬಾಯಿಯಿಂದ ಬಂದವರು" ಎಂಬ ಕಾರಣಕ್ಕೆ ದರ ಏನಾಗುತ್ತಿತ್ತೆಂಬುದನ್ನು ಅಧ್ಯಯನ ಮಾಡಿದವರಿಲ್ಲ, ನಿಮಗೇ ಗೊತ್ತಿದೆ.

ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ನೇತೃತ್ವದಲ್ಲಿ, ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನವರು ರೂಪಿಸಿದ ತಂತ್ರಾಂಶದೊಂದಿಗೆ, ಕಂದಾಯ ಇಲಾಖೆ ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. "ಭೂಮಿ" ಎಂದು ಹೆಸರಾದ ಈ ಯೋಜನೆ 2002ರ ಹೊತ್ತಿಗೆ ಆಗಿನ ಎಲ್ಲ 177 ತಾಲ್ಲೂಕುಗಳಿಗೂ ಹರಡಿತ್ತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಅಲ್ಲಿಯೇ ಅಚ್ಚಾಗಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 48 ಚಿಹ್ನೆಗಳ ಸರಪಳಿಯ ಕಾಲ ಕಳೆದು, ರೈತನ ಹೆಸರು ಒತ್ತಕ್ಷರ ಸಹಿತ ಕನ್ನಡದಲ್ಲೇ ಮೂಡಿತು.

ಇದರಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಎರಡು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ಕೈಗೆತ್ತಿಕೊಳ್ಳುವಂತೆ ತಂತ್ರಾಂಶವೇ ಕಟ್ಟುಹಾಕಿತು. ಟಾಪ್‌ಕ್ಯೂ ಎಂಬ ಕೀಲಿಯನ್ನು ಅಲ್ಲಿನ ನೌಕರನ ಕೈಗೆ ಕೊಡಲಿಲ್ಲ. ಯಾರು ಯಾವಾಗ ಏನು ಮಾಡಿದರೆಂಬುದು ಬೆರಳಚ್ಚಿನ ಗುರುತಿನೊಂದಿಗೆ ದಾಖಲಾಗುವಂತೆ ಮಾಡಿದರು. ಎರಡನೆಯದಾಗಿ, ಕಿಟಕಿಯಲ್ಲಿ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇಟ್ಟರು. ಒಳಗಿರುವವನು ನೋಡುವುದನ್ನೇ ಹೊರಗಿರುವವನೂ ನೋಡಬಹುದು. ಗಾಜಿನ ಗೋಡೆಯಾಚೆಯ ಆಪರೇಟರಿನಿಂದ ಇಲ್ಲಿಗೆ ಎಷ್ಟು ದೂರ ಬಂದೆವು ನೋಡಿ!

ಹಾಗೆಂದು ಎಲ್ಲವೂ ಸರಿಹೋಯಿತೆಂದು ಬರೆದರೆ ಚರಿತ್ರೆಗೆ ಅಪಚಾರ. ಹಳ್ಳಿಯಲ್ಲಿದ್ದ ದಾಖಲೆ ತಾಲ್ಲೂಕು ಕೇಂದ್ರಕ್ಕೆ ಹೋದದ್ದರಿಂದ ಬಡವನಿಗೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ನಷ್ಟವಾಯಿತು. ಬೆಂಗಳೂರಿನ ಸುತ್ತಮುತ್ತ ಭೂಮಿಯ ದೊಡ್ಡ ವ್ಯವಹಾರಸ್ಥರಿಗೇ ಈ ಏರ್ಪಾಡು ಹೆಚ್ಚು ಅನುಕೂಲವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಸರದಿಯೊಳಗೆ ನ್ಯಾಯವಿದ್ದರೂ ಸರದಿಯ ಬಾಗಿಲಿಗೆ ಬಂದು ಮುಟ್ಟುವ ಶಕ್ತಿ ಎಲ್ಲರಿಗೂ ಸಮನಾಗಿರುವುದಿಲ್ಲ. ಆ ವಾದದಲ್ಲಿ ಹುರುಳಿದೆಯೆಂದೇ ನನಗೆ ತೋರುತ್ತದೆ. ಆದರೂ ಹಿಂದಿನ ಪದ್ಧತಿಯೇ ಮೇಲಿತ್ತೆಂದು ಹೇಳುವ ರೈತನನ್ನು ನಾನಂತೂ ಭೇಟಿಯಾಗಿಲ್ಲ.

ಯುನಿಕ್ಸಿನ ಎರಡು ಸಂಪ್ರದಾಯಗಳ ಕಥೆಯನ್ನೂ ಮುಗಿಸಿಬಿಡುತ್ತೇನೆ. 1999ರಲ್ಲಿ ಮೈಕೇಲ್ ಸ್ವೀಟ್ ಎಂಬಾತ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ಹೊರತಂದ. 2007ರಲ್ಲಿ ಆಪಲ್ ಕಂಪನಿ ಅದನ್ನು ಕೊಂಡಿತು. ಬರ್ಕ್ಲಿಯ ಆಜ್ಞೆಗಳೂ ಸಿಸ್ಟಂ ಫೈವ್‌ನ ಆಜ್ಞೆಗಳೂ ಅದರಲ್ಲಿ ಒಟ್ಟಿಗೆ ಬಾಳುತ್ತಿವೆ, ಜಗಳವಾಡಿದ ಎರಡು ಮನೆಯವರು ಬೀಗರಾದ ಹಾಗೆ. ಲೈನ್ ಪ್ರಿಂಟರುಗಳು ಬಹುತೇಕ ಮೂಲೆ ಸೇರಿದರೂ ಎಲ್‌ಪಿ ಎಂಬ ಅದರ ಹೆಸರು ಆಜ್ಞೆಗಳಲ್ಲಿ ಉಳಿದಿದೆ.

ದುಬಾಯಿ ಸರಕಾರವಂತೂ ಕಾಗದವನ್ನೇ ಬಿಟ್ಟಿತು. 2018ರಲ್ಲಿ ಹಾಕಿಕೊಂಡ ಕಾರ್ಯಕ್ರಮದಂತೆ 2021ರ ಡಿಸೆಂಬರಿನಲ್ಲಿ ತನ್ನ ಕಚೇರಿಗಳು ಸಂಪೂರ್ಣ ಕಾಗದರಹಿತವಾದವೆಂದು ಘೋಷಿಸಿತು. ಉಳಿದ ಹಾಳೆಗಳ ಲೆಕ್ಕ 33 ಕೋಟಿ 60 ಲಕ್ಷ ಎಂದು ಪ್ರಕಟಿಸಿತು. ಊರಿನ ಪಹಣಿಯನ್ನೂ ಈಗ ಇಲ್ಲಿಂದಲೇ ಅಂತರಜಾಲದಲ್ಲಿ ಶುಲ್ಕ ಕಟ್ಟಿ ಪಡೆಯಬಹುದು.

ಆದರೆ ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗವನ್ನು ಮಾರುವುದಿದ್ದರೆ, ಪಾಲು ಮಾಡುವುದಿದ್ದರೆ, 11ಇ ನಕ್ಷೆ ಬೇಕು. ಅದಕ್ಕೆ ಭೂಮಾಪಕರು ಜಾಗಕ್ಕೇ ಬಂದು ಅಳೆಯಬೇಕು. ಪ್ರಿಂಟರಿನ ಮುಂದಿದ್ದ ಸಾಲು ಈಗ ಅಲ್ಲಿಗೆ ಸರಿದಿದೆ. ಅಚ್ಚಿಗೆ ಎರಡು ನಿಮಿಷ ಸಾಕು, ಭೂಮಾಪಕರ ಪಾಳಿ ಬರಲು ಎಷ್ಟೋ ವಾರ ಬೇಕಾಗಬಹುದು. ಮೂವತ್ತು ದಿನದ ರಜೆಯಲ್ಲಿ ಈ ಕೆಲಸ ಇಟ್ಟುಕೊಂಡಿರುವವರು ಅರ್ಜಿಯನ್ನು ಊರಿನಲ್ಲಿರುವವರ ಕೈಯಿಂದ ಮೊದಲೇ ಹಾಕಿಸಿ, ಅರ್ಜಿಯ ಸಂಖ್ಯೆ ತರಿಸಿಕೊಂಡು, ಸರದಿ ಎಲ್ಲಿಗೆ ಬಂತೆಂದು ನೋಡಿಕೊಂಡು ವಿಮಾನದ ಟಿಕೇಟು ತೆಗೆಯುವುದು ಒಳ್ಳೆಯದು.